ಜೋರಾದರೂ ಒಡೆಯದ ದನಿ: ಬೇಸ್ ಪೆಟ್ಟಿಗೆಯ ಏಳು ದಶಕಗಳ ಕಥೆ

ಇವತ್ತಿನ ಸಂಚಿಕೆ ಒಂದು ಪೆಟ್ಟಿಗೆಯ ಬಗ್ಗೆ. ಮರದ ಪೆಟ್ಟಿಗೆ, ಮೇಲೆ ಕಪ್ಪು ಹೊದಿಕೆ, ಮುಂದೆ ಜಾಲರಿ, ಒಳಗೆ ಒಂದೋ ನಾಲ್ಕೋ ಎಂಟೋ ಸ್ಪೀಕರ್. ವೇದಿಕೆಯಲ್ಲಿ ಬೇಸ್ ಗಿಟಾರ್ ನುಡಿಸುವವರ ಬೆನ್ನ ಹಿಂದೆ ನಿಂತಿರುತ್ತಲ್ಲ, ಅದೇ. ಅದರ ಫೋಟೋ ಯಾರೂ ತೆಗೆಯಲ್ಲ. ಆದರೆ ರಾಕ್ ಸಂಗೀತ ಸಣ್ಣ ಕ್ಲಬ್‌ಗಳಿಂದ ಸ್ಟೇಡಿಯಂಗಳಿಗೆ ಹೋದ ಕಥೆಯಲ್ಲಿ ಈ ಪೆಟ್ಟಿಗೆಗೆ ದೊಡ್ಡ ಪಾತ್ರ ಇದೆ.

ನಮ್ಮೂರ ಗಣೇಶನ ಪೆಂಡಾಲ್ ನೆನಪು ಮಾಡಿಕೊಳ್ಳಿ. ಆರ್ಕೆಸ್ಟ್ರಾ ಶುರುವಾಗಿದೆ. ಮುಂದಿನ ಸಾಲಿನಿಂದ ಒಬ್ಬ 'ಬೇಸ್ ಜಾಸ್ತಿ ಮಾಡಣ್ಣಾ' ಅಂತ ಕೂಗ್ತಾನೆ. ಮಿಕ್ಸರ್ ಹತ್ತಿರ ಕೂತವರು ಒಂದು ಗುಂಡಿ ತಿರುಗಿಸ್ತಾರೆ. ಆಮೇಲೆ ಬರೋದು ಬೇಸ್ ಅಲ್ಲ, ಬರೀ ಗುಂಯ್ ಅನ್ನೋ ಗದ್ದಲ. ಯಾವ ಸ್ವರ ಅಂತ ತಿಳಿಯಲ್ಲ, ಎದೆ ಮಾತ್ರ ನಡುಗುತ್ತೆ. ಬೇಸ್ ಹೆಚ್ಚಿಸೋದು ಸುಲಭ. ಹೆಚ್ಚಿದ ಮೇಲೂ ಅದು ಒಡೆಯದೆ, ಒಂದೊಂದು ಸ್ವರವೂ ಬಿಡಿಯಾಗಿ ಕೇಳೋ ಹಾಗೆ ಮಾಡೋದು ಕಷ್ಟ. ಎಷ್ಟು ಕಷ್ಟ ಅಂದ್ರೆ, ಅಮೆರಿಕ, ಇಂಗ್ಲೆಂಡ್, ಆಸ್ಟ್ರೇಲಿಯಾಗಳ ಎಂಜಿನಿಯರುಗಳು, ರೇಡಿಯೋ ರಿಪೇರಿಯವರು, ಸಂಗೀತಗಾರರು ಇದರ ಹಿಂದೆ ದಶಕಗಟ್ಟಲೆ ಬಿದ್ದಿದ್ದರು.

ಎಂಟು ಮೀಟರ್ ಉದ್ದದ ಅಲೆ

ಕಥೆಗೆ ಹೋಗೋ ಮುಂಚೆ ಸ್ವಲ್ಪ ವಿಜ್ಞಾನ. ಹೆದರಬೇಡಿ, ಎರಡೇ ನಿಮಿಷ.

ನಾಲ್ಕು ತಂತಿಯ ಬೇಸ್ ಗಿಟಾರ್‌ನ ಅತಿ ದಪ್ಪ ತಂತಿಯನ್ನ ಮೀಟಿದರೆ ಅದು ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತೆ. ಅಂದ್ರೆ 41 ಹರ್ಟ್ಜ್. ಗಾಳಿಯಲ್ಲಿ ಈ ಅಲೆಯ ಉದ್ದ ಎಂಟು ಮೀಟರಿಗೂ ಹೆಚ್ಚು, ಹೆಚ್ಚುಕಮ್ಮಿ ಒಂದು ಬಸ್ಸಿನಷ್ಟು. ಇಷ್ಟು ದೊಡ್ಡ ಅಲೆಯನ್ನ ಎಬ್ಬಿಸಬೇಕಾದದ್ದು ಊಟದ ತಟ್ಟೆಯಷ್ಟೇ ಅಗಲದ ಒಂದು ಕಾಗದದ ಕೋನ್.

ಇಲ್ಲಿ ಒಂದು ಲೆಕ್ಕ ಇದೆ. ಅದೇ ಕೋನ್‌ನಿಂದ ಅಷ್ಟೇ ಜೋರಿನ ದನಿ ಬೇಕು, ಆದರೆ ಸ್ವರ ಒಂದು ಸಪ್ತಕ ಕೆಳಗೆ ಬೇಕು ಅಂದ್ರೆ ಕೋನ್ ನಾಲ್ಕು ಪಟ್ಟು ದೂರ ಹಿಂದೆ ಮುಂದೆ ಓಡಾಡಬೇಕು. ಎರಡು ಸಪ್ತಕ ಕೆಳಗೆ ಹೋದರೆ ಹದಿನಾರು ಪಟ್ಟು. ಯಾವ ಕೋನ್‌ಗೂ ಓಡಾಟಕ್ಕೆ ಒಂದು ಮಿತಿ ಇದೆ. ಮಿತಿ ದಾಟಿದ ಕೂಡಲೇ ದನಿ ಒಡೆಯುತ್ತೆ. ಇನ್ನೂ ಒತ್ತಿದರೆ ಸ್ಪೀಕರ್ರೇ ಹೋಗುತ್ತೆ.

ಇನ್ನೊಂದು ತೊಂದರೆ ನಮ್ಮ ಕಿವಿಯದ್ದೇ. ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಫ್ಲೆಚರ್ ಮತ್ತು ಮನ್ಸನ್ 1933ರಲ್ಲಿ ಇದನ್ನ ಅಳೆದು ತೋರಿಸಿದರು. ಮಂದ್ರ ಸ್ವರಗಳಿಗೆ ನಮ್ಮ ಕಿವಿ ಸ್ವಲ್ಪ ಮಂದ. ಮಧ್ಯದ ಸ್ವರದಷ್ಟೇ ಜೋರಾಗಿ ಮಂದ್ರ ಸ್ವರ ಕೇಳಿಸಬೇಕಾದ್ರೆ ಎಷ್ಟೋ ಪಟ್ಟು ಹೆಚ್ಚು ಶಕ್ತಿ ಬೇಕು. ಹಾಗಾಗಿ ಬೇಸ್ ನುಡಿಸುವವರಿಗೆ ಎರಡು ಕಡೆಯಿಂದ ಪೆಟ್ಟು. ಕೋನ್ ಹೆಚ್ಚು ಓಡಾಡಬೇಕು, ಅಷ್ಟಾದರೂ ಕಿವಿಗೆ ಕಮ್ಮಿಯೇ ಕೇಳುತ್ತೆ.

ರೇಡಿಯೋ ರಿಪೇರಿಯವನ ಬೇಸ್

ಹಳೆಯ ಜಾಝ್ ಬ್ಯಾಂಡುಗಳಲ್ಲಿ ಬೇಸ್ ಅಂದ್ರೆ ಡಬಲ್ ಬೇಸ್. ಮನುಷ್ಯನಿಗಿಂತ ಎತ್ತರದ ಪಿಟೀಲು ಅನ್ನಬಹುದು. ತುತ್ತೂರಿ, ಡ್ರಮ್ಸ್ ಶುರುವಾದ್ರೆ ಅದರ ದನಿ ಮುಳುಗಿ ಹೋಗ್ತಿತ್ತು. ಹೊತ್ತು ತಿರುಗೋದಂತೂ ದೊಡ್ಡ ಶಿಕ್ಷೆ. 1930ರ ದಶಕದಲ್ಲೇ ಸಿಯಾಟಲ್ ನಗರದ ಪಾಲ್ ಟಟ್ಮಾರ್ಕ್ ಅಡ್ಡಲಾಗಿ ಹಿಡಿದು ನುಡಿಸೋ ಎಲೆಕ್ಟ್ರಿಕ್ ಬೇಸ್ ಮಾಡಿದ್ದರು. ಅದು ಹೆಚ್ಚು ಓಡಲಿಲ್ಲ.

ಓಡಿದ್ದು ಲಿಯೋ ಫೆಂಡರ್ ಮಾಡಿದ ಬೇಸ್. ಕ್ಯಾಲಿಫೋರ್ನಿಯಾದ ಫುಲರ್ಟನ್ ಊರಲ್ಲಿ ಅವರದ್ದು ರೇಡಿಯೋ ರಿಪೇರಿ ಅಂಗಡಿ. ಮಜಾ ಏನಂದ್ರೆ ಅವರಿಗೆ ಗಿಟಾರ್ ನುಡಿಸೋಕೇ ಬರ್ತಿರಲಿಲ್ಲ. ಆದರೆ ನುಡಿಸುವವರ ದೂರುಗಳನ್ನ ಕಿವಿಗೊಟ್ಟು ಕೇಳ್ತಿದ್ದರು. 1951ರಲ್ಲಿ ಅವರ ಪ್ರಿಸಿಷನ್ ಬೇಸ್ ಬಂತು. ಲಯನೆಲ್ ಹ್ಯಾಂಪ್ಟನ್ ತಂಡದ ಮಾಂಕ್ ಮಾಂಟ್ಗೊಮೆರಿ ಅದನ್ನ ವೇದಿಕೆಗಳಲ್ಲಿ ನುಡಿಸಿ ಜನರಿಗೆ ಪರಿಚಯ ಮಾಡಿಸಿದರು.

ವಾದ್ಯ ಬಂತು, ಆದರೆ ಅದರ ದನಿ ಹೊರಗೆ ಬರೋದು ಹೇಗೆ? ಗಿಟಾರ್‌ನ ಆಂಪ್ಲಿಫೈಯರ್‌ಗೆ ಬೇಸ್ ಸಿಕ್ಕಿಸಿದರೆ ಸ್ಪೀಕರ್ ಹರಿದು ಹೋಗ್ತಿತ್ತು. ಅದಕ್ಕೆ 1952ರಲ್ಲಿ ಫೆಂಡರ್ 'ಬೇಸ್‌ಮನ್' ತಂದರು. 15 ಇಂಚಿನ ಒಂದೇ ಸ್ಪೀಕರ್, 26 ವ್ಯಾಟ್ ಶಕ್ತಿ. ದಶಕದ ಮಧ್ಯದಲ್ಲಿ ಅದನ್ನ ಬದಲಿಸಿ 10 ಇಂಚಿನ ನಾಲ್ಕು ಸ್ಪೀಕರ್ ಹಾಕಿದರು, ಪೆಟ್ಟಿಗೆಯ ಹಿಂಭಾಗ ತೆರೆದೇ ಬಿಟ್ಟರು.

ಎಡವಟ್ಟಾಗಿದ್ದು ಇಲ್ಲೇ. ಕೋನ್ ಮುಂದೆ ಬಂದಾಗ ಮುಂದಿನ ಗಾಳಿ ಒತ್ತುತ್ತೆ, ಅದೇ ಕ್ಷಣ ಹಿಂದಿನ ಗಾಳಿ ಸಡಿಲವಾಗುತ್ತೆ. ನೀರಿನ ತೊಟ್ಟಿಯಲ್ಲಿ ತಟ್ಟೆಯೊಂದನ್ನ ನಿಧಾನವಾಗಿ ಆಡಿಸಿ ನೋಡಿ. ನೀರು ಮುಂದಕ್ಕೆ ಹೋಗಲ್ಲ, ಅಂಚಿನಿಂದ ನುಣುಚಿ ಹಿಂದಕ್ಕೆ ಬಂದುಬಿಡುತ್ತೆ. ಮಂದ್ರ ಸ್ವರದಲ್ಲಿ ಗಾಳಿಯೂ ಹೀಗೇ. ತೆರೆದ ಪೆಟ್ಟಿಗೆಯಲ್ಲಿ ಮುಂದಿನ ಅಲೆ, ಹಿಂದಿನ ಅಲೆ ಒಂದನ್ನೊಂದು ಅಳಿಸಿ ಹಾಕುತ್ತವೆ. ಬೇಸ್ ಸಾಲಲ್ಲ ಅಂತ ಗುಂಡಿ ತಿರುಗಿಸಿದರೆ ದನಿ ಒಡೆಯುತ್ತೆ.

ಆದರೆ ಆ ಒಡಕು ದನಿ ಕೇಳಿ ಗಿಟಾರ್‌ನವರು ಮರುಳಾದರು. ಲಂಡನ್ನಿನ ಡ್ರಮ್ಸ್ ಅಂಗಡಿಯ ಮಾಲೀಕ ಜಿಮ್ ಮಾರ್ಷಲ್ ಮತ್ತು ಅವರ ಸಂಗಡಿಗರು 1962ರ ಹೊತ್ತಿಗೆ ಇದೇ ಬೇಸ್‌ಮನ್ ಸರ್ಕ್ಯೂಟನ್ನ ಮಾದರಿ ಇಟ್ಟುಕೊಂಡು ತಮ್ಮ ಮೊದಲ ಆಂಪ್ಲಿಫೈಯರ್ ಕಟ್ಟಿದರು. ರಾಕ್ ಗಿಟಾರ್‌ನ ಗುರುತೇ ಆಗಿಹೋದ ಆ ಗರಗರ ದನಿಯ ಮೂಲ, ಬೇಸ್‌ಗೆ ಅಂತ ಮಾಡಿದ ಆಂಪ್ಲಿಫೈಯರ್! ಗಿಟಾರ್‌ನವರಿಗೆ ಹಬ್ಬ. ಬೇಸ್‌ನವರ ಸಮಸ್ಯೆ ಮಾತ್ರ ಹಾಗೇ ಉಳೀತು.

ಒಡಕು ದನಿ ಅಂದ್ರೆ ಆಗದವರು

ನ್ಯೂಯಾರ್ಕ್ ಸೀಮೆಯ ಎವರೆಟ್ ಹಲ್‌ಗೆ ಒಡಕು ದನಿ ಅಂದ್ರೆ ಮೈ ಉರಿ. ಅವರು ಡಬಲ್ ಬೇಸ್ ನುಡಿಸುವವರು. ವಾದ್ಯ ನೆಲಕ್ಕೆ ಊರಿಕೊಳ್ಳುವ ಗೂಟದೊಳಗೆ ಮೈಕ್ ಇಟ್ಟರೆ ಹೇಗೆ ಅಂತ 1940ರ ದಶಕದಲ್ಲಿ ಯೋಚಿಸಿದರು. ಇಂಗ್ಲಿಷಿನಲ್ಲಿ ಗೂಟಕ್ಕೆ ಪೆಗ್ ಅಂತಾರೆ. ಆಂಪ್ಲಿಫೈ ಮಾಡಿದ ಪೆಗ್, ಅದೇ ಆಂಪೆಗ್. ಕಂಪನಿಯ ಹೆಸರು ಹುಟ್ಟಿದ್ದು ಹೀಗೆ.

ಹಲ್‌ಗೆ ರಾಕ್ ಅಂಡ್ ರೋಲ್ ಇಷ್ಟ ಇರಲಿಲ್ಲ. ವಾದ್ಯ ಹೇಗಿದೆಯೋ ಹಾಗೇ ಕೇಳಬೇಕು, ಆಂಪ್ಲಿಫೈಯರ್ ತನ್ನ ಬಣ್ಣ ಸೇರಿಸಬಾರದು ಅನ್ನೋದು ಅವರ ಹಟ. 1960ರಲ್ಲಿ ಅವರ ಕಂಪನಿಯಿಂದ ಬಿ-15 ಪೋರ್ಟಾಫ್ಲೆಕ್ಸ್ ಬಂತು. ವಿನ್ಯಾಸ ಜೆಸ್ ಆಲಿವರ್ ಅವರದ್ದು. 15 ಇಂಚಿನ ಒಂದು ಸ್ಪೀಕರ್, ಬರೀ 25 ವ್ಯಾಟ್. ಕೆಲಸ ಮುಗಿದ ಮೇಲೆ ಆಂಪ್ಲಿಫೈಯರನ್ನ ತಲೆಕೆಳಗು ಮಾಡಿ ಪೆಟ್ಟಿಗೆಯೊಳಗೇ ಮಡಚಿಡಬಹುದಿತ್ತು. ಪೆಟ್ಟಿಗೆಯ ಹಿಂಭಾಗ ಮುಚ್ಚಿತ್ತು, ಗಾಳಿಗೆ ಲೆಕ್ಕ ಹಾಕಿದ ದಾರಿ ಇತ್ತು. ಹಿಂದಿನ ಅಲೆ ಮುಂದಿನದನ್ನ ಅಳಿಸೋ ಬದಲು ಅದಕ್ಕೇ ಕೈಜೋಡಿಸ್ತಿತ್ತು. ಮೋಟೌನ್‌ನ ಮಹಾನ್ ಬೇಸ್ ವಾದಕ ಜೇಮ್ಸ್ ಜೇಮರ್ಸನ್ ಅವರ ಹೆಸರಿನ ಜೊತೆ ಈ ಪೆಟ್ಟಿಗೆಯ ಹೆಸರೂ ಸೇರಿಕೊಂಡಿದೆ. ಸ್ಟುಡಿಯೋಗಳಲ್ಲಿ ಜನ ಇವತ್ತಿಗೂ ಅದನ್ನ ಹುಡುಕಿಕೊಂಡು ಹೋಗ್ತಾರೆ.

ಆದರೆ ಅದು ಸ್ಟುಡಿಯೋಗೆ, ಸಣ್ಣ ಕ್ಲಬ್ಬಿಗೆ ಸರಿ. ಅಷ್ಟರಲ್ಲಿ ಹೊರಗೆ ಸದ್ದಿನ ಯುದ್ಧ ಶುರುವಾಗಿತ್ತು.

ಸದ್ದಿನ ಯುದ್ಧ

ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿ ಏಡ್ರಿಯನ್ ಬಾರ್ಬರ್ ಅನ್ನೋ ಗಿಟಾರ್ ವಾದಕ 1960ರ ದಶಕದ ಆರಂಭದಲ್ಲಿ ತನ್ನ ಕೈಯಾರೆ ದೊಡ್ಡ ಸ್ಪೀಕರ್ ಪೆಟ್ಟಿಗೆಗಳನ್ನ ಕಟ್ಟುತ್ತಿದ್ದ. ಆಕಾರ ನೋಡಿ ಅದಕ್ಕೆ ಜನ ಇಟ್ಟ ಹೆಸರು 'ಕಾಫಿನ್', ಶವಪೆಟ್ಟಿಗೆ! ಬೀಟಲ್ಸ್‌ನ ಪಾಲ್ ಮೆಕಾರ್ಟ್ನಿ ಬೇಸ್ ಹಿಡಿದ ಮೊದಲ ವರ್ಷಗಳಲ್ಲಿ ಬಳಸಿದ್ದು ಇದನ್ನೇ.

1965ರ ಆಗಸ್ಟ್ 15ರಂದು ನ್ಯೂಯಾರ್ಕಿನ ಶೇ ಸ್ಟೇಡಿಯಂನಲ್ಲಿ ಅದೇ ಬೀಟಲ್ಸ್ ಮುಂದೆ ಸುಮಾರು 55,000 ಜನ. ವಾಕ್ಸ್ ಕಂಪನಿ ಆ ಪ್ರವಾಸಕ್ಕೆ ಅಂತಲೇ 100 ವ್ಯಾಟಿನ ಆಂಪ್ಲಿಫೈಯರ್ ಮಾಡಿಕೊಟ್ಟಿತ್ತು. ಆದರೂ ಅಭಿಮಾನಿಗಳ ಕಿರುಚಾಟದಲ್ಲಿ ಹಾಡು ಮುಳುಗಿಹೋಯ್ತು. ಇವತ್ತಿನ ಹಾಗೆ ಪ್ರತಿ ವಾದ್ಯಕ್ಕೂ ಮೈಕ್ ಹಿಡಿದು ದೊಡ್ಡ ಸೌಂಡ್ ಸಿಸ್ಟಂಗೆ ಕಳಿಸೋ ಪದ್ಧತಿ ಆಗ ಬೆಳೆದಿರಲಿಲ್ಲ. ಕೊನೆಯ ಸಾಲಿನವರಿಗೂ ಬೇಸ್ ಕೇಳಬೇಕು ಅಂದ್ರೆ ಅದು ವೇದಿಕೆ ಮೇಲಿನ ಪೆಟ್ಟಿಗೆಯಿಂದಲೇ ಹೋಗಬೇಕು.

ಲಂಡನ್ನಿನ 'ದಿ ಹೂ' ತಂಡದ ಒಳಗೇ ಪೈಪೋಟಿ. ಬೇಸ್ ವಾದಕ ಜಾನ್ ಎಂಟ್ವಿಸಲ್ ದೊಡ್ಡ ಪೆಟ್ಟಿಗೆ ತಂದರೆ ಗಿಟಾರ್‌ನ ಪೀಟ್ ಟೌನ್‌ಶೆಂಡ್ ಅದಕ್ಕಿಂತ ದೊಡ್ಡದು ಕೇಳ್ತಿದ್ದರು. 12 ಇಂಚಿನ ಎಂಟು ಸ್ಪೀಕರ್‌ಗಳ ಒಂದೇ ಪೆಟ್ಟಿಗೆ ಬೇಕು ಅಂತ ಟೌನ್‌ಶೆಂಡ್ ಮಾರ್ಷಲ್‌ಗೆ ಹೇಳಿ ಮಾಡಿಸಿದರು. ಹೊರುವ ಹುಡುಗರು ಸುಸ್ತಾದರು. ಕೊನೆಗೆ ಅದನ್ನ ಎರಡಾಗಿ ಮಾಡಿ ಒಂದರ ಮೇಲೊಂದು ಪೇರಿಸಿದರು. ರಾಕ್ ಪೋಸ್ಟರುಗಳಲ್ಲಿ ಕಾಣೋ ಆ 'ಸ್ಟ್ಯಾಕ್' ಹುಟ್ಟಿದ್ದು ಹೊರುವವರ ಬೆನ್ನು ನೋವಿನಿಂದ!

ಫ್ರಿಡ್ಜ್ ಬಂತು

1967ರಲ್ಲಿ ಎವರೆಟ್ ಹಲ್ ಆಂಪೆಗ್ ಕಂಪನಿಯನ್ನ ಮಾರಿದರು. ರಾಕ್ ಬೇಡ ಅನ್ನುವವರು ಈಗ ಅಲ್ಲಿರಲಿಲ್ಲ. ಬಿಲ್ ಹ್ಯೂಸ್ ಮತ್ತು ಸಂಗಡಿಗರು 1969ರಲ್ಲಿ ಎಸ್‌ವಿಟಿ ತಂದರು. 300 ವ್ಯಾಟ್, ಒಳಗೆ 14 ವ್ಯಾಕ್ಯೂಮ್ ಟ್ಯೂಬ್. ಆಂಪ್ಲಿಫೈಯರ್ ಒಂದೇ 40 ಕೆಜಿ ಆಸುಪಾಸು. ರೋಲಿಂಗ್ ಸ್ಟೋನ್ಸ್ ತಂಡ ಅದೇ ವರ್ಷದ ಅಮೆರಿಕ ಪ್ರವಾಸದಲ್ಲಿ ಅದರ ಮೊದಮೊದಲ ಮಾದರಿಗಳನ್ನ ಬಳಸಿತು.

300 ವ್ಯಾಟ್ ಯಾಕೆ? ಬರೀ ಜೋರಿಗಲ್ಲ. ಬೇಸ್ ತಂತಿಯನ್ನ ಬೆರಳಿಂದ ಎಳೆದು ಬಿಟ್ಟ ಮೊದಲ ಕ್ಷಣದಲ್ಲಿ ದನಿ ಒಮ್ಮೆಲೇ ಜಿಗಿಯುತ್ತೆ, ಆಮೇಲೆ ಇಳಿಯುತ್ತೆ. ಸರಾಸರಿ 30 ವ್ಯಾಟಿನಲ್ಲಿ ನುಡಿಸ್ತಿದ್ದರೂ ಆ ಜಿಗಿತ 10 ಡೆಸಿಬೆಲ್ ಇದ್ದರೆ ಆ ಕ್ಷಣಕ್ಕೆ 300 ವ್ಯಾಟ್ ಬೇಕು. ಅಷ್ಟು ಇಲ್ಲದಿದ್ದರೆ ಜಿಗಿತದ ತಲೆ ಕತ್ತರಿಸಿ ಹೋಗುತ್ತೆ, ದನಿ ಒಡೆಯುತ್ತೆ. ಸ್ವಚ್ಛ ದನಿಗೆ ಶಕ್ತಿ ಬೇಕಾಗೋದು ಈ ಕಾರಣಕ್ಕೆ.

ಆದರೆ ಎಸ್‌ವಿಟಿಯ ನಿಜವಾದ ಜಾಣತನ ಇರೋದು ಅದರ ಪೆಟ್ಟಿಗೆಯಲ್ಲಿ. ದೊಡ್ಡ ಬೇಸ್‌ಗೆ ದೊಡ್ಡ ಸ್ಪೀಕರ್ ಅನ್ನೋ ನಂಬಿಕೆಯನ್ನ ಅವರು ಬಿಟ್ಟರು. 10 ಇಂಚಿನ ಎಂಟು ಸ್ಪೀಕರ್ ಹಾಕಿದರು. ಪೆಟ್ಟಿಗೆಯನ್ನ ಪೂರ್ತಿ ಮುಚ್ಚಿ ಒಳಗೆ ನಾಲ್ಕು ಕೋಣೆ ಮಾಡಿ, ಒಂದೊಂದರಲ್ಲಿ ಎರಡೆರಡು ಸ್ಪೀಕರ್ ಕೂರಿಸಿದರು. ಲೆಕ್ಕ ಹಾಕಿ ನೋಡಿ. 10 ಇಂಚಿನ ಎಂಟು ವೃತ್ತಗಳ ಒಟ್ಟು ವಿಸ್ತೀರ್ಣ 15 ಇಂಚಿನ ಒಂದು ವೃತ್ತದ ಮೂರೂವರೆ ಪಟ್ಟು. ವಿಸ್ತೀರ್ಣ ಹೆಚ್ಚಿದಷ್ಟೂ ಒಂದೊಂದು ಕೋನ್ ಓಡಾಡಬೇಕಾದ ದೂರ ಕಡಿಮೆ. ಕಡಿಮೆ ಓಡಾಟ ಅಂದ್ರೆ ಕಡಿಮೆ ಒಡಕು. ಒಬ್ಬನೇ ಕಲ್ಲು ಎತ್ತೋದಕ್ಕೂ ಎಂಟು ಜನ ಕೈ ಹಾಕೋದಕ್ಕೂ ಇರೋ ವ್ಯತ್ಯಾಸ.

ಎತ್ತರ, ತೂಕ ಎರಡರಲ್ಲೂ ಅದು ಫ್ರಿಡ್ಜ್ ಥರ. 60 ಕೆಜಿಗೂ ಹೆಚ್ಚು. ಹಾಗಾಗಿ ಅದರ ಅಡ್ಡಹೆಸರೇ 'ಫ್ರಿಡ್ಜ್'. ಮೊದಲಿಗೆ ಒಂದು ಆಂಪ್ಲಿಫೈಯರ್‌ಗೆ ಇಂಥ ಎರಡು ಫ್ರಿಡ್ಜ್ ಜೋಡಿಸ್ತಿದ್ದರು.

ಇಲ್ಲಿ ಒಂದು ವಿಚಿತ್ರ ಇದೆ. ಈ ಪೆಟ್ಟಿಗೆಯ ದನಿ 60 ಹರ್ಟ್ಜ್ ಆಸುಪಾಸಿನಿಂದಲೇ ಇಳಿಯೋಕೆ ಶುರುವಾಗುತ್ತೆ. ದಪ್ಪ ತಂತಿಯ ಸ್ವರ 41 ಅಂದ್ವಲ್ಲ? ಹಾಗಾದ್ರೆ ಅದು ಕೇಳೋದು ಹೇಗೆ? ತಂತಿ 41ರ ಜೊತೆಗೆ 82, 123, 164 ಹರ್ಟ್ಜ್‌ಗಳಲ್ಲೂ ಕಂಪಿಸುತ್ತೆ. ಈ ಮೇಲಿನ ಸ್ವರಗಳನ್ನ ಕೇಳಿದ ಮಿದುಳು ಕೆಳಗಿನ ಸ್ವರವನ್ನ ತಾನೇ ತುಂಬಿಕೊಳ್ಳುತ್ತೆ. ನಿಮ್ಮ ಫೋನಿನ ಪುಟಾಣಿ ಸ್ಪೀಕರ್‌ನಲ್ಲಿ ಹಾಡಿನ ಬೇಸ್ ಗುರುತು ಸಿಗೋದೂ ಇದೇ ಕಾರಣಕ್ಕೆ. ಅಂದ್ರೆ ಜೋರು ವೇದಿಕೆಯಲ್ಲಿ ಬೇಸ್ ಸ್ಪಷ್ಟವಾಗಿ ಕೇಳಬೇಕಾದ್ರೆ ಅತಿ ಆಳದ ಸ್ವರಕ್ಕಿಂತ ಅದರ ಮೇಲಿನ ಭಾಗ ಗಟ್ಟಿಯಾಗಿರೋದು ಮುಖ್ಯ.

ಅದೇ ಕಾಲದಲ್ಲಿ ಕ್ಯಾಲಿಫೋರ್ನಿಯಾದ ಅಕೂಸ್ಟಿಕ್ ಕಂಪನಿ ಬೇರೆ ದಾರಿ ಹಿಡಿಯಿತು. ಅವರ 360 ಅನ್ನೋ ಮಾದರಿಯಲ್ಲಿ 18 ಇಂಚಿನ ಒಂದು ಸ್ಪೀಕರ್, ಅದೂ ಹಿಂದಕ್ಕೆ ಮುಖ ಮಾಡಿದ್ದು. ಅದರ ದನಿ ಪೆಟ್ಟಿಗೆಯೊಳಗೆ ಮಡಚಿಟ್ಟ ಕಹಳೆಯಂಥ ದಾರಿಯಲ್ಲಿ ಸುತ್ತಿ ಹೊರಬರ್ತಿತ್ತು. ಜಾಕೊ ಪಾಸ್ಟೋರಿಯಸ್ ನುಡಿಸಿದ್ದು ಇದರ ಮೇಲೆ. ದೂರಕ್ಕೆ ಚೆನ್ನಾಗಿ ತಲುಪೋ ದನಿ. ಆದರೆ ಪಕ್ಕದಲ್ಲೇ ನಿಂತು ನುಡಿಸುವವರಿಗೇ ಕಮ್ಮಿ ಕೇಳುತ್ತೆ ಅನ್ನೋದು ಇದರ ಬಗ್ಗೆ ಇದ್ದ ದೂರು.

ಸದ್ದಿನ ಗೋಡೆ

1974ರಲ್ಲಿ ಅಮೆರಿಕದ ಗ್ರೇಟ್‌ಫುಲ್ ಡೆಡ್ ತಂಡ ಈ ಹಟವನ್ನ ತುತ್ತತುದಿಗೆ ಒಯ್ದಿತು. ಅವರು ಕಟ್ಟಿದ 'ವಾಲ್ ಆಫ್ ಸೌಂಡ್'ನಲ್ಲಿ 600ಕ್ಕೂ ಹೆಚ್ಚು ಸ್ಪೀಕರ್‌ಗಳಿದ್ದವು. ಶಕ್ತಿ 26,000 ವ್ಯಾಟಿಗೂ ಮೇಲೆ. ಇದರ ಹಿಂದೆ ಇದ್ದವರು ಔಸ್ಲಿ ಸ್ಟ್ಯಾನ್ಲಿ, ಅಲೆಂಬಿಕ್ ಕಂಪನಿಯ ರಾನ್ ವಿಕರ್‌ಶಾಮ್ ಮೊದಲಾದವರು.

ಅವರ ಗುರಿ ಕಿವಿ ಒಡೆಯೋದಲ್ಲ. ಒಂದೇ ಸ್ಪೀಕರ್‌ನಿಂದ ಹಾಡು, ಗಿಟಾರ್, ಬೇಸ್ ಎಲ್ಲ ಬಂದರೆ ಬೇಸ್‌ನ ದೊಡ್ಡ ಓಡಾಟದಲ್ಲಿ ಉಳಿದ ದನಿಗಳೂ ಕೆಡುತ್ತವೆ. ಅದಕ್ಕೆ ಪ್ರತಿ ವಾದ್ಯಕ್ಕೂ ಪ್ರತ್ಯೇಕ ಸ್ಪೀಕರ್ ಸಾಲು ಕೊಟ್ಟರು. ಬೇಸ್ ವಾದಕ ಫಿಲ್ ಲೆಶ್ ತಮ್ಮ ನಾಲ್ಕು ತಂತಿಗಳನ್ನ ಬೇರೆ ಬೇರೆ ಸ್ಪೀಕರ್ ಕಂಬಗಳಿಗೆ ಕಳಿಸಬಹುದಿತ್ತು. ಪೂರ್ತಿ ಮೊಳಗಿದರೂ ಆ ದನಿ ತಿಳಿಯಾಗಿತ್ತು ಅಂತ ಕೇಳಿದವರು ಇವತ್ತಿಗೂ ಹೇಳ್ತಾರೆ. ಆದರೆ ಅದನ್ನ ಸಾಗಿಸೋದು, ಕಟ್ಟೋದು, ಬಿಚ್ಚೋದು ತಂಡದ ಬೆನ್ನು ಮುರಿಯಿತು, ಜೇಬನ್ನೂ ಖಾಲಿ ಮಾಡಿತು. ಅದೇ ವರ್ಷ ಅಕ್ಟೋಬರಿನಲ್ಲಿ ಆ ಗೋಡೆ ಕೆಳಗಿಳಿಯಿತು. ಮತ್ತೆ ಏಳಲಿಲ್ಲ.

ಪೆಟ್ಟಿಗೆಗೆ ಲೆಕ್ಕ ಬಂತು

ಅಲ್ಲಿವರೆಗೆ ಪೆಟ್ಟಿಗೆ ಕಟ್ಟೋದು ಬಹುಪಾಲು ಅಂದಾಜಿನ ಕೆಲಸ. ಗರಗಸ ಹಿಡಿ, ಕಟ್ಟು, ಕೇಳು, ಸರಿಯಿಲ್ಲ ಅಂದ್ರೆ ಇನ್ನೊಂದು ಕಟ್ಟು. ಇದನ್ನ ಬದಲಿಸಿದ್ದು ಆಸ್ಟ್ರೇಲಿಯಾದ ಇಬ್ಬರು. ನೆವಿಲ್ ಥೀಲ್ 1961ರಲ್ಲಿ, ರಿಚರ್ಡ್ ಸ್ಮಾಲ್ 1970ರ ದಶಕದ ಆರಂಭದಲ್ಲಿ ತಮ್ಮ ಪ್ರಬಂಧಗಳನ್ನ ಪ್ರಕಟಿಸಿದರು. ಸ್ಪೀಕರ್‌ನ ಕೆಲವು ಅಳತೆ ತಿಳಿದರೆ ಸಾಕು, ಅದಕ್ಕೆ ಎಷ್ಟು ದೊಡ್ಡ ಪೆಟ್ಟಿಗೆ, ಎಷ್ಟು ಅಗಲದ ಗಾಳಿ ಕಿಂಡಿ ಬೇಕು ಅಂತ ಕಾಗದದ ಮೇಲೇ ಹೇಳಬಹುದಾಯ್ತು. ಇವತ್ತು ಯಾವ ಸ್ಪೀಕರ್‌ನ ವಿವರಪಟ್ಟಿ ತೆಗೆದರೂ ಥೀಲ್-ಸ್ಮಾಲ್ ಅಂಕಿಗಳು ಇದ್ದೇ ಇರುತ್ತವೆ.

ಅಮೆರಿಕದ ಆಂಟನ್ ಹಾಫ್‌ಮನ್ ಹೆಸರಿನಲ್ಲಿ ಇನ್ನೊಂದು ನಿಯಮ ಇದೆ. ಅದನ್ನ 'ಕಬ್ಬಿಣದ ನಿಯಮ' ಅಂತಾರೆ. ಪೆಟ್ಟಿಗೆ ಸಣ್ಣದಿರಬೇಕು, ಆಳದ ಬೇಸ್ ಬೇಕು, ಕಮ್ಮಿ ಶಕ್ತಿಯಲ್ಲಿ ಜೋರು ದನಿ ಬೇಕು. ಮೂರರಲ್ಲಿ ಯಾವುದಾದರೂ ಎರಡು ಆರಿಸಿಕೊಳ್ಳಿ, ಮೂರನೆಯದು ಸಿಗಲ್ಲ. ಜಾಹೀರಾತು ಏನೇ ಹೇಳಲಿ, ಭೌತವಿಜ್ಞಾನದ ಹತ್ತಿರ ಚೌಕಾಸಿ ನಡೆಯಲ್ಲ.

1980ರ ದಶಕದಲ್ಲಿ ಬೇಸ್ ನುಡಿಸೋ ರೀತಿಯೂ ಬದಲಾಗಿತ್ತು. ಹೆಬ್ಬೆರಳಿಂದ ತಂತಿಗೆ ಹೊಡೆದು ನುಡಿಸೋ 'ಸ್ಲ್ಯಾಪ್' ಶೈಲಿಗೆ ಮೇಲಿನ ಸ್ವರಗಳ ಹೊಳಪು ಬೇಕು. 1984ರಲ್ಲಿ ಸ್ಟೀವ್ ರೇಬ್ ಕಟ್ಟಿದ ಎಸ್‌ಡಬ್ಲ್ಯುಆರ್‌ನಂಥ ಕಂಪನಿಗಳು 10 ಇಂಚಿನ ನಾಲ್ಕು ಸ್ಪೀಕರ್‌ಗಳ ಜೊತೆ ಒಂದು ಟ್ವೀಟರ್ ಸೇರಿಸಿದವು. ಅದೇ ದಶಕದಲ್ಲಿ ನಿಯೋಡಿಮಿಯಮ್ ಆಯಸ್ಕಾಂತ ಬಂತು, ಮುಂದೆ ಸ್ಪೀಕರ್‌ನ ತೂಕ ಇಳಿಸಿತು. 2000ದ ನಂತರ ಕ್ಲಾಸ್-ಡಿ ಆಂಪ್ಲಿಫೈಯರ್‌ಗಳು ಬಂದವು. ಎಸ್‌ವಿಟಿಯ 40 ಕೆಜಿಯ ಕೆಲಸವನ್ನ ಈಗ ಎರಡು ಮೂರು ಕೆಜಿಯ, ಬೆನ್ನಿನ ಚೀಲದಲ್ಲಿ ಹಿಡಿಸೋ ಡಬ್ಬಿ ಮಾಡುತ್ತೆ. ಪೆಟ್ಟಿಗೆ ಮಾತ್ರ ಆ ಪ್ರಮಾಣದಲ್ಲಿ ಸಣ್ಣದಾಗಲಿಲ್ಲ. ಗಾಳಿಯನ್ನ ತಳ್ಳೋ ಕೆಲಸಕ್ಕೆ ಅಡ್ಡದಾರಿ ಇಲ್ಲ.

ಹಾಗಾದ್ರೆ ಯಾವುದನ್ನ ಆರಿಸೋದು?

ನಿಮ್ಮಲ್ಲಿ ಯಾರೋ ಬ್ಯಾಂಡ್ ಕಟ್ಟಿರಬಹುದು, ಕಾಲೇಜು ಫೆಸ್ಟಿಗೆ ತಯಾರಾಗ್ತಿರಬಹುದು. ಈ ಇತಿಹಾಸದಿಂದ ನಿಮಗೆ ಸಿಗೋ ಪಾಠ ಇಷ್ಟು.

ಮೊದಲನೆಯದು, ವ್ಯಾಟ್ ನೋಡಿ ಪೆಟ್ಟಿಗೆ ಕೊಳ್ಳಬೇಡಿ. ಪೆಟ್ಟಿಗೆಯ ಮೇಲೆ ಬರೆದಿರೋ ವ್ಯಾಟ್, ಅದು ಎಷ್ಟು ಬಿಸಿ ತಡೆಯುತ್ತೆ ಅನ್ನೋದರ ಅಂಕಿ, ಎಷ್ಟು ಜೋರು ಅನ್ನೋದಲ್ಲ. ಮಂದ್ರ ಸ್ವರದಲ್ಲಿ ಸುಟ್ಟುಹೋಗೋ ಮುಂಚೆಯೇ ಕೋನ್ ಓಡಾಟದ ಮಿತಿ ಮುಟ್ಟಿರುತ್ತೆ.

ಎರಡನೆಯದು, ಸೆನ್ಸಿಟಿವಿಟಿ ಅಂಕಿ ನೋಡಿ. ಒಂದು ವ್ಯಾಟ್ ಕೊಟ್ಟಾಗ ಒಂದು ಮೀಟರ್ ದೂರದಲ್ಲಿ ಎಷ್ಟು ಡೆಸಿಬೆಲ್ ಅಂತ ಅದು ಹೇಳುತ್ತೆ. ಒಂದು ಪೆಟ್ಟಿಗೆಯದ್ದು 95, ಇನ್ನೊಂದರದ್ದು 101 ಅಂದ್ಕೊಳ್ಳಿ. ಎರಡನೆಯದಕ್ಕೆ 100 ವ್ಯಾಟ್ ಕೊಟ್ಟರೆ ಬರೋ ದನಿಗೆ ಮೊದಲನೆಯದಕ್ಕೆ 400 ವ್ಯಾಟ್ ಬೇಕು. ಆಂಪ್ಲಿಫೈಯರ್ ಶಕ್ತಿ ಎರಡು ಪಟ್ಟು ಮಾಡಿದರೆ ಸಿಗೋದು ಬರೀ 3 ಡೆಸಿಬೆಲ್. ಹೊಸ ಆಂಪ್ಲಿಫೈಯರ್‌ಗೆ ದುಡ್ಡು ಸುರಿಯೋ ಮುಂಚೆ ಈ ಲೆಕ್ಕ ನೆನಪಿರಲಿ.

ಮೂರನೆಯದು, ದನಿ ಸಾಲದಿದ್ದರೆ ಅಂಥದ್ದೇ ಎರಡನೇ ಪೆಟ್ಟಿಗೆ ಸೇರಿಸಿ. ಕೋನ್‌ಗಳ ವಿಸ್ತೀರ್ಣ ಎರಡು ಪಟ್ಟಾಗುತ್ತೆ, ಒಂದೊಂದರ ಮೇಲಿನ ಹೊರೆ ಇಳಿಯುತ್ತೆ. ಫ್ರಿಡ್ಜ್ ಕಲಿಸಿದ ಪಾಠ ಇದು. ಪೆಟ್ಟಿಗೆಗಳನ್ನ ಅಕ್ಕಪಕ್ಕ ಇಡೋದಕ್ಕಿಂತ ಒಂದರ ಮೇಲೊಂದು ಇಟ್ಟರೆ ಮೇಲಿನ ಸ್ಪೀಕರ್ ನಿಮ್ಮ ಕಿವಿಯ ಹತ್ತಿರ ಬರುತ್ತೆ. ಒಂದು ಎಚ್ಚರಿಕೆ: 8 ಓಮ್‌ನ ಎರಡು ಪೆಟ್ಟಿಗೆ ಸಮಾನಾಂತರವಾಗಿ ಸೇರಿದರೆ 4 ಓಮ್ ಆಗುತ್ತೆ. ನಿಮ್ಮ ಆಂಪ್ಲಿಫೈಯರ್ ಅದಕ್ಕಿಂತ ಕಮ್ಮಿ ಓಮ್ ತಡೆಯಲ್ಲ ಅಂತ ಬರೆದಿದ್ದರೆ ಮೂರನೆಯದನ್ನ ಸಿಕ್ಕಿಸೋಕೆ ಹೋಗಬೇಡಿ.

ನಾಲ್ಕನೆಯದು, ಹೈ-ಪಾಸ್ ಫಿಲ್ಟರ್ ಇದ್ದರೆ ಹಾಕಿ. ಅತಿ ಕೆಳಗಿನ, ನಿಮ್ಮ ಪೆಟ್ಟಿಗೆ ಹೇಗೂ ಸರಿಯಾಗಿ ನುಡಿಸಲಾರದ ಭಾಗವನ್ನ ಅದು ಕತ್ತರಿಸುತ್ತೆ. ಕೋನ್‌ನ ಸುಮ್ಮನೆ ಓಡಾಟ ನಿಲ್ಲುತ್ತೆ, ಉಳಿದ ದನಿ ತಿಳಿಯಾಗುತ್ತೆ. ಬೇಸ್ ಕಮ್ಮಿ ಮಾಡಿದ್ದಕ್ಕೆ ಬೇಸ್ ಚೆನ್ನಾಗಿ ಕೇಳೋದು, ನಂಬೋದು ಕಷ್ಟ, ಆದರೆ ನಿಜ.

ಐದನೆಯದು, ದೊಡ್ಡ ಮೈದಾನ ತುಂಬಿಸೋ ಜವಾಬ್ದಾರಿ ಈಗ ನಿಮ್ಮ ಪೆಟ್ಟಿಗೆಯದ್ದಲ್ಲ. ಡಿಐ ಬಾಕ್ಸ್ ಮೂಲಕ ಬೇಸ್ ನೇರವಾಗಿ ಮಿಕ್ಸರ್‌ಗೆ, ಅಲ್ಲಿಂದ ಸೌಂಡ್ ಸಿಸ್ಟಂಗೆ ಹೋಗುತ್ತೆ. ನಿಮ್ಮ ಪೆಟ್ಟಿಗೆ ನಿಮಗೆ ಮತ್ತು ಡ್ರಮ್ಸ್‌ನವರಿಗೆ ಚೆನ್ನಾಗಿ ಕೇಳಿಸಿದರೆ ಸಾಕು.

ಕೊನೆಗೆ ಕಿವಿಯ ಮಾತು

ಈ ಕಥೆಗೆ ಇನ್ನೊಂದು ಮಗ್ಗುಲಿದೆ. 1976ರ ಮೇ 31ರಂದು ಲಂಡನ್ನಿನ ಚಾರ್ಲ್ಟನ್ ಮೈದಾನದಲ್ಲಿ ದಿ ಹೂ ತಂಡದ ಸದ್ದು ವೇದಿಕೆಯಿಂದ 32 ಮೀಟರ್ ದೂರದಲ್ಲಿ 126 ಡೆಸಿಬೆಲ್ ಮುಟ್ಟಿತು. ಗಿನ್ನೆಸ್ ಪುಸ್ತಕ ಅದನ್ನ ದಾಖಲೆ ಅಂತ ಬರೆದುಕೊಂಡಿತು. ಅದೇ ತಂಡದ ಟೌನ್‌ಶೆಂಡ್ ಮುಂದೆ ತಮ್ಮ ಕಿವಿ ಕೇಳಿಸುವಿಕೆ ಕೆಟ್ಟಿರೋದರ ಬಗ್ಗೆ, ಸದಾ ಕಿವಿಯೊಳಗೆ ಮೊರೆಯೋ ಸದ್ದಿನ ಬಗ್ಗೆ ಬಹಿರಂಗವಾಗಿ ಮಾತಾಡಿದರು. ಮುಖ್ಯ ಕಾರಣ ಅಂತ ಅವರು ದೂಷಿಸಿದ್ದು ವೇದಿಕೆಯನ್ನಲ್ಲ, ಸ್ಟುಡಿಯೋದಲ್ಲಿ ಜೋರಾಗಿ ಇಟ್ಟುಕೊಳ್ತಿದ್ದ ಹೆಡ್‌ಫೋನನ್ನ. ಈ ಮಾತನ್ನ ನೀವು ಇಯರ್‌ಫೋನ್ ಹಾಕ್ಕೊಂಡೇ ಕೇಳ್ತಿರಬಹುದು, ಅದಕ್ಕೇ ಹೇಳ್ತಿದ್ದೀನಿ.

ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಲೆಕ್ಕ ಸರಳ. 85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ ಎಂಟು ಗಂಟೆ ಇರಬಹುದು. ಅಲ್ಲಿಂದ ಪ್ರತಿ 3 ಡೆಸಿಬೆಲ್ ಏರಿದರೆ ಸಮಯ ಅರ್ಧಕ್ಕೆ ಇಳಿಯುತ್ತೆ. 100 ಡೆಸಿಬೆಲ್ ಆದಾಗ ಉಳಿಯೋದು 15 ನಿಮಿಷ. ಒಂದು ಸಾಧಾರಣ ರಾಕ್ ಪ್ರಾಕ್ಟೀಸ್ ಅಷ್ಟು ಮುಟ್ಟೋದು ಕಷ್ಟವೇನಲ್ಲ.

ಸ್ವಚ್ಛ ದನಿಗೂ ಇದಕ್ಕೂ ನೇರ ಸಂಬಂಧ ಇದೆ. ಬೇಸ್ ಒಡೆದರೆ ಸ್ವರ ತಿಳಿಯಲ್ಲ. ಸ್ವರ ತಿಳಿಯದಿದ್ದರೆ ಬೇಸ್‌ನವರು ಜೋರು ಮಾಡ್ತಾರೆ. ಅದನ್ನ ಮೀರೋಕೆ ಗಿಟಾರ್‌ನವರು, ಅವರನ್ನ ಮೀರೋಕೆ ಡ್ರಮ್ಸ್‌ನವರು. ಶುರುವಾಯ್ತು ನೋಡಿ, ಅರವತ್ತರ ದಶಕದ ಅದೇ ಯುದ್ಧ, ನಿಮ್ಮ ಹತ್ತಡಿ ಕೋಣೆಯಲ್ಲಿ. ಸರಿಯಾದ ಪೆಟ್ಟಿಗೆ ಇದ್ದರೆ ಬೇಸ್ ಕಮ್ಮಿ ಸದ್ದಿನಲ್ಲೇ ತಿಳಿಯಾಗಿ ಕೇಳುತ್ತೆ, ಆಗ ಯಾರೂ ಯಾರನ್ನೂ ಮೀರಿಸಬೇಕಾಗಲ್ಲ.

ಹಾಗಾಗಿ ಅಂಗಡಿಗೆ ಹೋದಾಗ ನಿಮ್ಮ ಬೇಸ್ ಜೊತೆಗೇ ತಗೊಂಡು ಹೋಗಿ. ದಪ್ಪ ತಂತಿಯ ಸ್ವರವನ್ನ ಮೆಲ್ಲಗೆ ನುಡಿಸಿ, ಆಮೇಲೆ ಹಂತ ಹಂತವಾಗಿ ಏರಿಸಿ. ಯಾವ ಹಂತದಲ್ಲಿ ಸ್ವರ ಮಸುಕಾಯ್ತು ಅಂತ ಗಮನಿಸಿ. ಆ ಪೆಟ್ಟಿಗೆಯ ಕೈಲಾಗೋದು ಅಷ್ಟು, ಮೇಲೆ ಯಾವ ಅಂಕಿ ಬರೆದಿದ್ದರೂ ಸರಿ. ಕಿವಿಗೆ ಪ್ಲಗ್ ಇಟ್ಟುಕೊಳ್ಳೋದು ಮರೀಬೇಡಿ.

ಈ ಸಂಚಿಕೆ ಇಷ್ಟಕ್ಕೆ ಮುಗೀತು. ನಿಮ್ಮ ಬ್ಯಾಂಡಿನಲ್ಲಿ ಬೇಸ್ ನುಡಿಸೋ ಗೆಳೆಯ, ಗೆಳತಿ ಇದ್ದರೆ ಅವರಿಗೆ ಕಳಿಸಿ. ಬಹುಶಃ ಅವರ ಬಗ್ಗೆ ಯಾರೂ ಇಷ್ಟು ಹೊತ್ತು ಮಾತಾಡಿರಲಿಕ್ಕಿಲ್ಲ.